ಪ್ರತ್ಯೇಕ ರಾಜ್ಯ: ಕಾಯ್ದೆ ಕೊಡುವುದೇನು, ನಾವು ಕೇಳಬೇಕಾದುದೇನು

ಬಜೆಟ್ ಮಂಡನೆಯಾದ ವಾರದೊಳಗೆ, ಇಲ್ಲವೆ ಬೆಳಗಾವಿ ಅಧಿವೇಶನ ಹತ್ತಿರ ಬಂದಾಗ, ಉತ್ತರ ಕರ್ನಾಟಕಕ್ಕೆ ಪ್ರತ್ಯೇಕ ರಾಜ್ಯ ಬೇಕೆಂಬ ಮಾತು ಕೇಳಿಬಂದೇ ಬರುತ್ತದೆ. ದಿವಂಗತ ಉಮೇಶ ಕತ್ತಿಯವರು ಸಚಿವರಾಗಿದ್ದಾಗಲೂ ಈ ಮಾತನ್ನು ಬಿಟ್ಟಿರಲಿಲ್ಲ. 2018ರ ಜುಲೈ ಕೊನೆಗೆ ಪ್ರಾದೇಶಿಕ ಅನ್ಯಾಯವನ್ನು ಪ್ರತಿಭಟಿಸಿ ಕೆಲವು ಮಠಾಧೀಶರೇ ಸುವರ್ಣ ವಿಧಾನಸೌಧದ ಎದುರು ಧರಣಿ ಕುಳಿತರು. ಆಮೇಲೆ ನಮ್ಮ ಮಠಗಳ ಸಭೆಗಳಲ್ಲಿ, ಶರಣ ಸಂಗಮಗಳಲ್ಲಿ, ಜಾತ್ರೆಯ ವೇದಿಕೆಗಳಲ್ಲಿ ಈ ವಿಷಯ ಬರುವುದು ಹೆಚ್ಚಾಗಿದೆ. ಪರವಾಗಿ ಮಾತನಾಡುವವರಿಗೆ ಚಪ್ಪಾಳೆ, ವಿರೋಧಿಸುವವರಿಗೂ ಚಪ್ಪಾಳೆ. ಆದರೆ ಒಂದು ರಾಜ್ಯ ಕಾಯ್ದೆಯ ಪ್ರಕಾರ ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಲಿಲ್ಲ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ. ಪ್ರತ್ಯೇಕ ರಾಜ್ಯ ಕೇಳುವುದು ದ್ರೋಹವಲ್ಲ. ಸಂವಿಧಾನವೇ ಅದಕ್ಕೆ ದಾರಿ ಇಟ್ಟಿದೆ. ಕೇಳಿದವರನ್ನೆಲ್ಲ ಕನ್ನಡದ್ರೋಹಿಗಳು ಎಂದು ಬೈಯುವ ಬೆಂಗಳೂರಿನ ಕೆಲವರ ಚಾಳಿ ನನಗೆ ಹಿಡಿಸುವುದಿಲ್ಲ. ಯಾದಗಿರಿಯ ಹಳ್ಳಿಯಿಂದ ಸಂಸಾರ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿ, ತಗಡಿನ ಶೆಡ್ಡಿನಲ್ಲಿ ಮಕ್ಕಳನ್ನು ಮಲಗಿಸುವವರಿಗೆ ಏಕೀಕರಣದ ಪಾಠ ಹೇಳಲು ನಮಗೆ ಯಾವ ಮುಖವಿದೆ? ಸಿಟ್ಟು ನಿಜವಾದದ್ದೇ. ಈ ಸಿಟ್ಟಿಗೆ ಹೊಸ ರಾಜ್ಯವೇ ಮದ್ದು ಹೌದೋ ಅಲ್ಲವೋ ಎಂಬುದಷ್ಟೇ ನನ್ನ ಪ್ರಶ್ನೆ.

ಸಂವಿಧಾನದ 3ನೇ ವಿಧಿಯ ಪ್ರಕಾರ ಹೊಸ ರಾಜ್ಯ ಮಾಡುವ ಅಧಿಕಾರ ಸಂಸತ್ತಿನದು. ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ ಮಸೂದೆ ಮಂಡಿಸುವಂತಿಲ್ಲ. ಯಾವ ರಾಜ್ಯದ ಗಡಿಗೆ ಕೈ ಹಾಕುತ್ತಾರೋ ಆ ರಾಜ್ಯದ ಶಾಸನಸಭೆಗೆ ಮಸೂದೆಯನ್ನು ಕಳಿಸಿ, ಗೊತ್ತುಪಡಿಸಿದ ಅವಧಿಯೊಳಗೆ ಅಭಿಪ್ರಾಯ ತಿಳಿಸಲು ಹೇಳಬೇಕು. ಈ ಅವಧಿ ಗೊತ್ತುಪಡಿಸುವ ಮಾತನ್ನು ಸೇರಿಸಿದ್ದೇ 1955ರ ಐದನೇ ತಿದ್ದುಪಡಿ, ಭಾಷಾವಾರು ಪ್ರಾಂತ ರಚನೆಯ ಹೊಸ್ತಿಲಲ್ಲಿ. ಶಾಸನಸಭೆ ಒಲ್ಲೆ ಎಂದರೂ ಸಂಸತ್ತು ಮುಂದುವರಿಯಬಹುದು. 4ನೇ ವಿಧಿಯ ಪ್ರಕಾರ ಇದು ಸಂವಿಧಾನ ತಿದ್ದುಪಡಿಯೂ ಅಲ್ಲ. ಸಾಮಾನ್ಯ ಬಹುಮತ ಸಾಕು. ಒಂದು ಪಂಚಾಯಿತಿ ಅಧ್ಯಕ್ಷರ ಮೇಲೆ ಅವಿಶ್ವಾಸ ತರಲು ಮೂರನೇ ಎರಡರಷ್ಟು ಮತ ಕೂಡಿಸಲು ಪರದಾಡುವ ನಮ್ಮವರಿಗೆ ಇದು ಅಚ್ಚರಿ ಎನ್ನಿಸಬಹುದು.

ಸಂಸತ್ತಿನ ಈ ಅಧಿಕಾರ ಎಷ್ಟು ದೊಡ್ಡದು ಎಂಬುದಕ್ಕೆ ಎರಡು ಉದಾಹರಣೆ ಸಾಕು. 1956ರಲ್ಲಿ ಮುಂಬಯಿ ರಾಜ್ಯವನ್ನು ಮೂರು ಘಟಕಗಳಾಗಿ ಒಡೆಯುವ ಪ್ರಸ್ತಾವವಿದ್ದ ಮಸೂದೆಯನ್ನು ಅಲ್ಲಿಯ ಶಾಸನಸಭೆಗೆ ಕಳಿಸಲಾಗಿತ್ತು. ಸಂಸತ್ತಿನಲ್ಲಿ ಅದು ತಿರುವುಮುರುವಾಗಿ ಒಂದೇ ದೊಡ್ಡ ದ್ವಿಭಾಷಾ ರಾಜ್ಯವಾಯಿತು. ಹೊಸ ರೂಪಕ್ಕೆ ಮತ್ತೆ ಅಭಿಪ್ರಾಯ ಕೇಳಬೇಕಿತ್ತು ಎಂದು ಬಾಬುಲಾಲ್ ಪರಾಟೆ ಎಂಬವರು ನ್ಯಾಯಾಲಯಕ್ಕೆ ಹೋದರು. ತಿದ್ದುಪಡಿಯಾದಾಗಲೆಲ್ಲ ಮತ್ತೆ ಕೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎರಡನೆಯದು ನಮ್ಮ ಪಕ್ಕದ ಮನೆಯದು. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರುವರಿಯಲ್ಲಿ ಸಂಸತ್ತು ಅಂಗೀಕರಿಸಿತು. ಜೂನ್ 2ರಂದು ತೆಲಂಗಾಣ ಹುಟ್ಟಿತು.

ಅಂದರೆ ಪ್ರತ್ಯೇಕ ರಾಜ್ಯದ ಬೇಡಿಕೆಯನ್ನು ಒಮ್ಮೆ ದಿಲ್ಲಿಯ ಕೈಗೆ ಕೊಟ್ಟರೆ, ಗಡಿ ಎಲ್ಲಿ, ರಾಜಧಾನಿ ಎಲ್ಲಿ, ನೀರಿನ ಪಾಲೆಷ್ಟು, ಸಾಲದ ಪಾಲೆಷ್ಟು ಎಂಬುದೆಲ್ಲ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಬೆಳಗಾವಿ ಮತ್ತು ಕಲಬುರಗಿ ವಿಭಾಗಗಳ 14 ಜಿಲ್ಲೆಗಳು ನಮ್ಮ ರಾಜ್ಯ ಎಂದು ನಾವು ಭೂಪಟ ಬರೆದುಕೊಂಡಿರುತ್ತೇವೆ. ಕಾರವಾರ, ಶಿರಸಿಯವರನ್ನು ಯಾರು ಕೇಳಿದ್ದಾರೆ? ರಾಜಧಾನಿ ಬೆಳಗಾವಿಯೋ ಹುಬ್ಬಳ್ಳಿಯೋ ಕಲಬುರಗಿಯೋ ಎಂಬ ಪ್ರಶ್ನೆ ಎದ್ದ ದಿನ ಈಗಿನ ಒಗ್ಗಟ್ಟು ಎಷ್ಟು ತಾಸು ಬಾಳೀತು?

ಈಗ 1956ಕ್ಕೆ ಬರೋಣ. ಒಂದು ಹೊಸ ರಾಜ್ಯ ಹುಟ್ಟಿದ ಅನುಭವ ನಮಗೆ ಈಗಾಗಲೇ ಇದೆ. ಅದನ್ನು ನಾವು ನವೆಂಬರ್ ತಿಂಗಳ ಮೆರವಣಿಗೆಗೆ ಬಿಟ್ಟುಕೊಟ್ಟು ಮರೆತಿದ್ದೇವೆ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. 1956ರ ರಾಜ್ಯಗಳ ಪುನರ್‌ವಿಂಗಡಣಾ ಕಾಯ್ದೆಯ 7ನೇ ಕಲಂ ಹೊಸ ಮೈಸೂರು ರಾಜ್ಯವನ್ನು ಹುಟ್ಟಿಸಿತು. ಹಳೆಯ ಮೈಸೂರು, ಚಂದಗಡ ತಾಲ್ಲೂಕು ಬಿಟ್ಟು ಬೆಳಗಾವಿ, ಜೊತೆಗೆ ವಿಜಾಪುರ, ಧಾರವಾಡ, ಉತ್ತರ ಕನ್ನಡ, ಕೊಡಂಗಲ್, ತಾಂಡೂರು ಬಿಟ್ಟು ಗುಲ್ಬರ್ಗಾ, ಆಲಂಪುರ, ಗದ್ವಾಲ ಬಿಟ್ಟು ರಾಯಚೂರು, ಉದಗೀರ, ನಿಲಂಗಾ, ಅಹಮದಪುರ ಮುಂತಾದವನ್ನು ಬಿಟ್ಟು ಬೀದರ, ಕಾಸರಗೋಡು ಬಿಟ್ಟು ದಕ್ಷಿಣ ಕನ್ನಡ, ಕೊಳ್ಳೇಗಾಲ, ಕೊಡಗು. ಬಳ್ಳಾರಿ 1953ರಲ್ಲೇ ಬಂದಿತ್ತು. ಅದರ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಆಯೋಗ ಹೇಳಿದರೂ ಸಂಸತ್ತು ಒಪ್ಪಲಿಲ್ಲ. ಆಡಳಿತದ ಕಾಗದದಲ್ಲಿ ನವೆಂಬರ್ 1 ಎಂದರೆ ಐದು ಮನೆಗಳ ಒಲೆಗಳನ್ನು ಒಂದೇ ಅಡುಗೆಮನೆಗೆ ತಂದಿಟ್ಟ ದಿನ. ಬೆಂಕಿ ಮಾತ್ರ ಐದು ಕಡೆಯೇ ಉರಿಯುತ್ತಿತ್ತು.

ಇದು ಹೇಗೆಂದರೆ, ಆ ಕಾಯ್ದೆಯ 119ನೇ ಕಲಂ ಒಂದು ಮಾತು ಹೇಳುತ್ತದೆ. ಪ್ರದೇಶ ಬೇರೆ ರಾಜ್ಯಕ್ಕೆ ಸೇರಿದರೂ ಅಲ್ಲಿ ಜಾರಿಯಲ್ಲಿದ್ದ ಕಾನೂನು, ಸಮರ್ಥ ಶಾಸನಸಭೆ ಬದಲಾಯಿಸುವವರೆಗೆ, ಹಾಗೆಯೇ ಮುಂದುವರಿಯುತ್ತದೆ. ರಾಜ್ಯ ಒಂದಾದರೂ ಗೇಣಿ ಕಾನೂನು, ಕಂದಾಯ ಕಾನೂನು, ನಗರಸಭೆ ಕಾನೂನು ಬೇರೆಬೇರೆಯಾಗಿಯೇ ಇದ್ದವು. ಇಡೀ ರಾಜ್ಯಕ್ಕೆ ಒಂದೇ ಭೂ ಕಂದಾಯ ಕಾಯ್ದೆ ಬಂದದ್ದು 1964ರಲ್ಲಿ. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ನೌಕರರ ಪಾಡಂತೂ ಹೇಳತೀರದು. ಮುಂಬಯಿ ಪ್ರಾಂತದಿಂದ ಬಂದವರ ವೇತನಶ್ರೇಣಿ ಒಂದು, ನಿಜಾಮಶಾಹಿಯಿಂದ ಬಂದವರದು ಇನ್ನೊಂದು, ಮೈಸೂರಿನವರದು ಮತ್ತೊಂದು. ಯಾರು ಯಾರಿಗಿಂತ ಹಿರಿಯರು ಎಂಬ ಜ್ಯೇಷ್ಠತಾ ಪಟ್ಟಿಯ ತಕರಾರುಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. ಕೆಲವರು ನಿವೃತ್ತರಾದ ಮೇಲೂ ಅವರ ಪ್ರಕರಣ ನಿವೃತ್ತವಾಗಲಿಲ್ಲ.

ಈ ಪತ್ರಿಕೆಯ ಓದುಗರಿಗೆ ಹೆಚ್ಚು ಸಂಬಂಧಪಟ್ಟದ್ದು ಧಾರ್ಮಿಕ ದತ್ತಿಯ ಕಾನೂನು. ಮೈಸೂರು ಭಾಗಕ್ಕೆ 1927ರ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯ್ದೆ. ಮುಂಬಯಿ ಭಾಗಕ್ಕೆ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆ. ಮದ್ರಾಸಿನಿಂದ ಬಂದ ಭಾಗಕ್ಕೆ 1951ರ ಮದ್ರಾಸ್ ಕಾಯ್ದೆ. ಉಡುಪಿಯ ಶಿರೂರು ಮಠದ ಪ್ರಸಿದ್ಧ ತೀರ್ಪು 1954ರಲ್ಲಿ ಬಂದದ್ದು ಇದೇ ಕಾಯ್ದೆಯ ಮೇಲೆ. ಹೈದರಾಬಾದ್ ಭಾಗಕ್ಕೆ ಫಸಲಿ 1349ರ ದತ್ತಿ ನಿಯಮಾವಳಿ. ಕೊಡಗಿಗೆ 1956ರ ದೇವಸ್ಥಾನ ನಿಧಿ ಕಾಯ್ದೆ. ಒಂದೇ ಗುರುಪರಂಪರೆಯ ಎರಡು ಶಾಖಾಮಠಗಳಲ್ಲಿ ಒಂದು ಗದಗಿನ ಕಡೆ, ಒಂದು ಕೊಪ್ಪಳದ ಕಡೆ ಇದ್ದರೆ, ಎರಡೂ ಊರುಗಳ ನಡುವೆ ಅರವತ್ತು ಕಿಲೋಮೀಟರ್ ದೂರವಿದ್ದರೂ, ಒಂದರ ಲೆಕ್ಕಪತ್ರ ಕೇಳುವವರು ಚ್ಯಾರಿಟಿ ಕಮಿಷನರ ಕಚೇರಿಯವರು. ಇನ್ನೊಂದರ ದಸ್ತಾವೇಜು ಉರ್ದುವಿನಲ್ಲಿ, ಕೇಳುವವರು ಬೇರೆ. ಈ ಐದು ಕಾನೂನುಗಳ ಜಾಗದಲ್ಲಿ ಒಂದನ್ನು ತರಲೆಂದು ಮಾಡಿದ 1997ರ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಜಾರಿಯಾದದ್ದು 2003ರ ಮೇ ತಿಂಗಳಲ್ಲಿ. 1956ರಿಂದ ಎಣಿಸಿದರೆ 46 ವರ್ಷ ದಾಟಿತ್ತು! ಅಷ್ಟಾದ ಮೇಲೂ 2006ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮಠಗಳನ್ನೂ ಅವುಗಳಿಗೆ ಸೇರಿದ ದೇವಸ್ಥಾನಗಳನ್ನೂ ಹೊರಗಿಟ್ಟು ಉಳಿದವರಿಗೆ ಮಾತ್ರ ಕಾಯ್ದೆ ಹಚ್ಚಿದ್ದು ತಾರತಮ್ಯ ಎಂಬುದು ಅದರ ಕಾರಣಗಳಲ್ಲಿ ಒಂದು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಕಾಯ್ದೆ ಉಸಿರಾಡಿತು.

ಇದನ್ನು ಇಷ್ಟು ಉದ್ದವಾಗಿ ಹೇಳಿದ್ದಕ್ಕೆ ಕಾರಣವಿದೆ. ರಾಜ್ಯ ಒಂದು ದಿನದಲ್ಲಿ ಹುಟ್ಟುತ್ತದೆ, ಆಡಳಿತ ಒಂದಾಗಲು ಎರಡು ತಲೆಮಾರು ಬೇಕಾಗುತ್ತದೆ. ಹೈಕೋರ್ಟಿನ ಮಾತನ್ನೇ ತೆಗೆದುಕೊಳ್ಳಿ. ಬೀದರದ ಕಕ್ಷಿದಾರ ಸುಮಾರು 700 ಕಿಲೋಮೀಟರ್ ದಾಟಿ ಬೆಂಗಳೂರಿಗೆ ಹೋಗುವ ಪಾಡು 1956ರಿಂದ 2008ರವರೆಗೆ ತಪ್ಪಲಿಲ್ಲ. ವಕೀಲರು ವರ್ಷಗಟ್ಟಲೆ ಬೀದಿಗಿಳಿದ ಮೇಲೆ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠ ಬಂತು. 2013ರಲ್ಲಿ ಅವು ಕಾಯಂ ಪೀಠಗಳಾದವು. ಹೊಸ ರಾಜ್ಯವಾದರೆ ಇದೆಲ್ಲ ಎರಡನೇ ಸಲ ಆಗಬೇಕು. ಈ ಸಲ ಕೂಡಿಸುವುದಲ್ಲ, ಒಡೆಯುವುದು. ಒಡೆಯುವುದು ಕೂಡಿಸುವುದಕ್ಕಿಂತ ಸುಲಭ ಎಂದುಕೊಂಡವರು ಅಣ್ಣತಮ್ಮಂದಿರ ಪಾಲಿನ ದಾವೆ ನೋಡಿದವರಲ್ಲ.

ತೆಲಂಗಾಣದ ಕಾಯ್ದೆಯ 9ನೇ ಮತ್ತು 10ನೇ ಅನುಸೂಚಿಗಳಲ್ಲಿ ಹೆಸರಿಸಿದ ನಿಗಮಗಳು, ತರಬೇತಿ ಸಂಸ್ಥೆಗಳ ಆಸ್ತಿ ಹಂಚಿಕೆ ಹತ್ತು ವರ್ಷ ಕಳೆದರೂ ಪೂರ್ತಿ ಮುಗಿಯಲಿಲ್ಲ. ವಿದ್ಯುತ್ ಸಂಸ್ಥೆಗಳ ನೌಕರರು ಯಾರ ಪಾಲಿಗೆ ಎಂಬುದು ಸುಪ್ರೀಂ ಕೋರ್ಟಿಗೆ ಹೋಯಿತು. ಹೈದರಾಬಾದ್ ಹತ್ತು ವರ್ಷಕ್ಕೆ ಜಂಟಿ ರಾಜಧಾನಿ ಎಂದು ಬರೆದಿದ್ದರು. 2024ರ ಜೂನಿಗೆ ಆ ಅವಧಿ ಮುಗಿದಾಗ ಆಂಧ್ರದವರಿಗೆ ಸ್ವಂತ ರಾಜಧಾನಿ ಇನ್ನೂ ಕಟ್ಟಿ ಮುಗಿದಿರಲಿಲ್ಲ. ತೆಲಂಗಾಣದವರಿಗೆ ಒಂದು ದೊಡ್ಡ ಅನುಕೂಲವಿತ್ತು, ಅದನ್ನು ನಮ್ಮವರು ಮರೆಯುತ್ತಾರೆ: ಆದಾಯ ತರುವ ನಗರ ಬೇರೆಯಾಗ ಬಯಸಿದವರ ಹೊಟ್ಟೆಯೊಳಗೇ ಇತ್ತು. ನಮ್ಮಲ್ಲಿ ಆ ನಗರ ಬಿಟ್ಟುಹೋಗುವ ಭಾಗದಲ್ಲಿದೆ. ನಾವು ತೆಲಂಗಾಣದ ಮಾತಾಡುತ್ತೇವೆ, ಆದರೆ ನಮ್ಮ ಸ್ಥಿತಿ ಹೆಚ್ಚುಕಡಿಮೆ ಉಳಿದ ಆಂಧ್ರದ್ದು.

ನೀರಿನ ಮಾತು ಇದಕ್ಕಿಂತ ಕಠಿಣ. ಕೃಷ್ಣೆ ಉತ್ತರದವಳು, ಕಾವೇರಿ ದಕ್ಷಿಣದವಳು, ಹಂಚಿಕೊಂಡರಾಯಿತು ಎಂದು ಭಾಷಣದಲ್ಲಿ ಹೇಳುವುದು ಸುಲಭ. ತುಂಗೆ, ಭದ್ರೆ ಹುಟ್ಟುವುದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ. ಶಿವಮೊಗ್ಗ, ದಾವಣಗೆರೆ ದಾಟಿಯೇ ಹೊಸಪೇಟೆಯ ಜಲಾಶಯಕ್ಕೆ ಬರುವುದು. ಭದ್ರಾ ಮೇಲ್ದಂಡೆ ಯೋಜನೆ ಇದೇ ಕೃಷ್ಣಾ ಕಣಿವೆಯ ನೀರನ್ನು ಚಿತ್ರದುರ್ಗ, ತುಮಕೂರಿನ ಬರದ ಸೀಮೆಗೆ ಒಯ್ಯುತ್ತದೆ. ಇಂದು ಇದು ಒಂದು ರಾಜ್ಯದೊಳಗಿನ ಯೋಜನೆ. ಗಡಿ ಬಂದ ಮರುದಿನ ಅಂತರರಾಜ್ಯ ವ್ಯಾಜ್ಯ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಕಾಯ್ದೆಯಲ್ಲಿ ಬರೆದ ಒಂದು ಸಾಲಿನಿಂದ ಬಂದ ತುಂಗಭದ್ರಾ ಮಂಡಳಿ ಇವತ್ತಿಗೂ ಆ ಜಲಾಶಯವನ್ನು ನೋಡಿಕೊಳ್ಳುತ್ತಿದೆ. 2024ರಲ್ಲಿ 19ನೇ ಗೇಟು ಕೊಚ್ಚಿಹೋದಾಗ ಹೊಣೆ ಯಾರದೆಂದು ಎಷ್ಟು ಕಡೆ ಕೈ ತೋರಿಸಿದರು ಎಂಬುದನ್ನು ರಾಯಚೂರು, ಕೊಪ್ಪಳದ ರೈತರು ನೋಡಿದ್ದಾರೆ. ಇನ್ನು ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸುವ ತೀರ್ಪು ಕೈಯಲ್ಲಿದ್ದೂ ಅಧಿಸೂಚನೆ ಇಲ್ಲದೆ ಕಾಯುತ್ತಿರುವ ಹೊತ್ತಿನಲ್ಲಿ, ತೆಲಂಗಾಣ ಹುಟ್ಟಿದ ಮೇಲೆ ನ್ಯಾಯಮಂಡಳಿಯ ಅವಧಿಯನ್ನೇ ವಿಸ್ತರಿಸಿ ಹಂಚಿಕೆ ಮತ್ತೆ ಕೆದಕಿದ್ದನ್ನು ಕಂಡಿದ್ದೇವೆ. ಇನ್ನೊಂದು ರಾಜ್ಯ ಹುಟ್ಟಿದರೆ ಏನಾದೀತು ಎಂದು ಮುಳುಗಡೆಯ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾವಿ ಗಡಿಯ ಬಗ್ಗೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆಯನ್ನೂ ಹೊಸ ರಾಜ್ಯವೇ ಹೊರಬೇಕು, ದೊಡ್ಡ ರಾಜ್ಯದ ಬೆನ್ನಿಲ್ಲದೆ.

ಹಾಗಾದರೆ ಪ್ರತ್ಯೇಕವಾದಿಗಳ ಮಾತಿನಲ್ಲಿ ಹುರುಳೇ ಇಲ್ಲವೆ? ಇದೆ. ಅವರು ಸಾಮಾನ್ಯವಾಗಿ ಹೇಳದ ಒಂದು ಬಲವಾದ ವಾದವನ್ನು ನಾನೇ ಹೇಳುತ್ತೇನೆ. ಕೇಂದ್ರದ ತೆರಿಗೆ ಪಾಲು ಹಂಚುವಾಗ ಹಣಕಾಸು ಆಯೋಗ ರಾಜ್ಯದ ತಲಾ ಆದಾಯ ನೋಡುತ್ತದೆ. 15ನೇ ಆಯೋಗದ ಸೂತ್ರದಲ್ಲಿ ಇದಕ್ಕೆ ಶೇ. 45ರಷ್ಟು ತೂಕವಿತ್ತು. ಬೆಂಗಳೂರಿನ ಆದಾಯದಿಂದ ಕರ್ನಾಟಕ ಶ್ರೀಮಂತ ರಾಜ್ಯವಾಗಿ ಕಂಡಿತು; ಅದರ ಪಾಲು ಶೇ. 4.713ರಿಂದ 3.647ಕ್ಕೆ ಇಳಿಯಿತು. ಆದರೆ ದೇವದುರ್ಗದವರ, ಶಹಾಪುರದವರ ಕಿಸೆಯಲ್ಲಿ ಬೆಂಗಳೂರಿನ ಆದಾಯ ಇಲ್ಲವಲ್ಲ! ಸರಾಸರಿಯ ಲೆಕ್ಕದಲ್ಲಿ ಶ್ರೀಮಂತರೆನಿಸಿಕೊಂಡು ದಿಲ್ಲಿಯಿಂದ ಕಡಿಮೆ ಪಡೆಯುವುದು, ನಿಜದಲ್ಲಿ ಬಡವರಾಗಿ ಬೆಂಗಳೂರಿನಿಂದಲೂ ಕಡಿಮೆ ಪಡೆಯುವುದು, ಎರಡೂ ಕಡೆ ಸೋಲು. ತೆರಿಗೆ ಪಾಲಿನಲ್ಲಿ ಅನ್ಯಾಯವಾಯಿತೆಂದು ದಿಲ್ಲಿಯಲ್ಲಿ ಧರಣಿ ಹೂಡುವ ರಾಜ್ಯ ಸರ್ಕಾರ, ಅದೇ ನ್ಯಾಯವನ್ನು ತನ್ನ ಮನೆಯೊಳಗೆ ಕಲ್ಯಾಣ ಕರ್ನಾಟಕಕ್ಕೆ ಅನ್ವಯಿಸಿ ತೋರಿಸಬೇಕು.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಪುಟ ತಿರುವಿದವರು ಕಡಿಮೆ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು, 5 ಬೆಳಗಾವಿ ವಿಭಾಗದವು, ಉಳಿದ 13 ದಕ್ಷಿಣದವು. 114ರ ಲೆಕ್ಕದಲ್ಲಿ ಉತ್ತರಕ್ಕೆ 59, ದಕ್ಷಿಣಕ್ಕೆ 55. ಈ ಅಂಕಿಗಳನ್ನು ನಿಧಾನವಾಗಿ ನೋಡಿ. ಬಡತನದ ಗೆರೆ ಉತ್ತರ-ದಕ್ಷಿಣ ಎಂದು ಅಡ್ಡಲಾಗಿ ಬಿದ್ದಿಲ್ಲ. ಬೆಳಗಾವಿ ವಿಭಾಗಕ್ಕೂ ಕಲಬುರಗಿ ವಿಭಾಗಕ್ಕೂ ನಡುವಿನ ಅಂತರ, ಹಲವು ವಿಷಯಗಳಲ್ಲಿ, ಬೆಳಗಾವಿಗೂ ಮೈಸೂರಿಗೂ ಇರುವ ಅಂತರಕ್ಕಿಂತ ದೊಡ್ಡದು. ಪ್ರತ್ಯೇಕ ರಾಜ್ಯದಲ್ಲಿ ಸಕ್ಕರೆ ಕಾರ್ಖಾನೆಗಳ ಬೆಳಗಾವಿ ಇಂದಿನ ಬೆಂಗಳೂರಿನ ಜಾಗಕ್ಕೆ ಬಂದು ಕೂತರೆ ಯಾದಗಿರಿಯ ಸಿಟ್ಟು ಎಲ್ಲಿಗೆ ಹೋಗಬೇಕು?

ಇನ್ನು ನಮ್ಮ ಸಮಾಜದೊಳಗೆ ಆಡಬೇಕಾದ ಮಾತು. ಏಕೀಕರಣಕ್ಕೆ ಹಳೆಯ ಮೈಸೂರಿನಲ್ಲಿ ವಿರೋಧ ಬಂದದ್ದಕ್ಕೆ ಒಂದು ಕಾರಣ ನಮ್ಮ ಮೇಲಿನ ಅಂಜಿಕೆ. ಆಯೋಗದ ವರದಿಯಲ್ಲೇ ಇದರ ಚರ್ಚೆ ಇದೆ: ಮೈಸೂರಿನ ಹೊರಗಿನ ಕನ್ನಡ ಪ್ರದೇಶಗಳಲ್ಲಿ ಲಿಂಗಾಯತರು ಶೇ. 35ರಿಂದ 40, ಒಂದಾದ ರಾಜ್ಯದಲ್ಲಿ ಶೇ. 20ಕ್ಕಿಂತ ಸ್ವಲ್ಪ ಹೆಚ್ಚು ಎಂಬ ಅಂದಾಜು ಕೊಟ್ಟು, ಹಾಗಾಗಿ ಯಾವ ಒಂದು ಸಮುದಾಯವೂ ಮೇಲುಗೈ ಪಡೆಯದು ಎಂದು ಸಮಾಧಾನ ಹೇಳಿತು. ಕೆಂಗಲ್ ಹನುಮಂತಯ್ಯನವರು ತಮ್ಮವರ ಅಸಮಾಧಾನ ಕಟ್ಟಿಕೊಂಡೇ ಏಕೀಕರಣದ ಪರ ನಿಂತರು; ಅದಕ್ಕೆ ನಾವು ಇನ್ನೂ ಸಾಕಷ್ಟು ಋಣ ಹೇಳಿಲ್ಲ. ಆಮೇಲೆ ಏನಾಯಿತು? 1956ರಿಂದ 1971ರವರೆಗೆ ನಿಜಲಿಂಗಪ್ಪ, ಜತ್ತಿ, ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ: ಮುಖ್ಯಮಂತ್ರಿಗಳೆಲ್ಲ ನಮ್ಮ ಸಮಾಜದವರು. ಜಮಖಂಡಿಯ ಸೀಮೆಯವರು, ಕಲಬುರಗಿ ಜಿಲ್ಲೆಯವರು ಅವರಲ್ಲಿದ್ದರು. ಆಮೇಲೆ ಹುಬ್ಬಳ್ಳಿಯಿಂದ ಮೂವರು ಮುಖ್ಯಮಂತ್ರಿಗಳಾದರು. ಅವರು ಏನೂ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಜಲಾಶಯಗಳು, ವಿಶ್ವವಿದ್ಯಾಲಯಗಳು ಕಣ್ಣ ಮುಂದಿವೆ. ಆದರೆ ಉತ್ತರದ ಹಿಂದುಳಿದಿರುವಿಕೆಗೆ ದಕ್ಷಿಣದವರೇ ಕಾರಣ ಎಂದು ಮಠದ ವೇದಿಕೆಯಿಂದ ಹೇಳುವಾಗ ಈ ಪಟ್ಟಿ ನೆನಪಿನಲ್ಲಿರಲಿ.

ಬಾಬಾಸಾಹೇಬ ಅಂಬೇಡ್ಕರರು 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಎತ್ತಿದ ಪ್ರಶ್ನೆ ಇಲ್ಲಿ ಬರುತ್ತದೆ. ಭಾರತದಲ್ಲಿ ಬಹುಮತ ಎಂದರೆ ರಾಜಕೀಯ ಅಭಿಪ್ರಾಯದ ಬಹುಮತವಲ್ಲ, ಹುಟ್ಟಿನ ಬಹುಮತ. ಒಂದು ಪ್ರದೇಶದಲ್ಲಿ ಒಂದು ಜಾತಿ ದೊಡ್ಡದಾಗಿದ್ದರೆ ಅಲ್ಲಿಯ ರಾಜ್ಯ ಅದರದ್ದೇ ಆಗುತ್ತದೆ, ಸಣ್ಣವರಿಗೆ ರಕ್ಷಣೆ ಏನು ಎಂದು ಅವರು ಕೇಳಿದರು. ಅವರು ಸಣ್ಣ ರಾಜ್ಯಗಳ ವಿರೋಧಿಯೇನೂ ಅಲ್ಲ, ದೊಡ್ಡ ರಾಜ್ಯಗಳನ್ನು ಒಡೆಯಬೇಕೆಂದವರು. ಆದರೂ ಈ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಪ್ರತ್ಯೇಕ ರಾಜ್ಯವಾದರೆ ನಮ್ಮ ಸಮಾಜಕ್ಕೆ ಶಾಸಕರು ಹೆಚ್ಚು, ಮಂತ್ರಿಗಳು ಹೆಚ್ಚು, ಮುಖ್ಯಮಂತ್ರಿ ಕಾಯಂ ಎಂಬ ಲೆಕ್ಕಾಚಾರವನ್ನು ನಾನು ದಾಸೋಹದ ಪಂಕ್ತಿಯಲ್ಲೇ ಕೇಳಿದ್ದೇನೆ. ಹೇಳಿದವರು ಇದನ್ನು ಒಳ್ಳೆಯ ಸುದ್ದಿ ಎಂಬಂತೆಯೇ ಹೇಳಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯರನ್ನು ನಮ್ಮ ಹಿರಿಯರೆಂದು ಹೇಳಿಕೊಳ್ಳುವ ನಮಗೆ ಈ ಲೆಕ್ಕ ಮುಜುಗರ ತರಬೇಕಲ್ಲವೆ? ಅದೇ ಹಳ್ಳಿಗಳಲ್ಲಿ ಇಂದಿಗೂ ಕ್ಷೌರದಂಗಡಿಗೆ, ಹೋಟೆಲಿಗೆ, ಗುಡಿಗೆ ದಲಿತರ ಪ್ರವೇಶದ ತಕರಾರು ಪೊಲೀಸ್ ಠಾಣೆ ಏರುತ್ತದೆ. ಆ ಓಣಿಯವರು ಹೊಸ ರಾಜ್ಯ ಕೇಳುತ್ತಿದ್ದಾರೆಯೇ ಎಂದು ನಾವು ಹೋಗಿ ಕೇಳಿದ್ದೇವೆಯೆ? ಅವರ ಮಟ್ಟಿಗೆ ದೂರದ ರಾಜಧಾನಿಯೇ ಎಷ್ಟೋ ಸಲ ಊರ ಗೌಡರಿಗಿಂತ ಹತ್ತಿರ.

ಹೊಸ ರಾಜ್ಯವಿಲ್ಲದೆಯೂ ಸಂವಿಧಾನ ಏನು ಕೊಡಬಲ್ಲದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ವೈಜನಾಥ ಪಾಟೀಲರು ದಶಕಗಳ ಕಾಲ ಹೋರಾಡಿ, ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಮುಂತಾದವರು ದಿಲ್ಲಿಯಲ್ಲಿ ಪ್ರಯತ್ನಿಸಿ ತಂದ 371(ಜೆ) ವಿಧಿ. 2012ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 98ನೇ ತಿದ್ದುಪಡಿ, 2013ರಲ್ಲಿ ಜಾರಿ. ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ಅಲ್ಲಿ ಹುಟ್ಟಿದವರಿಗೆ ಇಲ್ಲವೆ ನೆಲೆಸಿದವರಿಗೆ ಶಿಕ್ಷಣ, ನೌಕರಿಯಲ್ಲಿ ಮೀಸಲು. ಆ ಪ್ರದೇಶದ ಕಾಲೇಜುಗಳ ಸೀಟಿನಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8. ಈ ಹತ್ತು-ಹನ್ನೆರಡು ವರ್ಷಗಳಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಹಳ್ಳಿ ಮಕ್ಕಳನ್ನು ಕೇಳಿ, ಈ ವಿಧಿ ಏನು ಮಾಡಿತೆಂದು ಹೇಳುತ್ತಾರೆ. ನಮ್ಮ ಸಮಾಜದ ಸಂಸ್ಥೆಗಳಲ್ಲಿ ಡೊನೇಷನ್ ಕೊಡಲಾಗದವರಿಗೆ ಬಾಗಿಲು ತೆರೆದದ್ದು ಎಷ್ಟೋ ಸಲ ಈ ವಿಧಿಯೇ. ಈ ಮಾತು ಕೆಲವರಿಗೆ ಕಹಿಯಾದೀತು, ಆಗಲಿ.

2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಶರಣರ ಕಲ್ಯಾಣದ ಹೆಸರು ಎಂದು ನಾವೆಲ್ಲ ಸಂತೋಷಪಟ್ಟೆವು. ಹೆಸರು ಬದಲಾದದ್ದು ಸರ್ಕಾರದ ಆದೇಶದಲ್ಲಿ. ಸಂವಿಧಾನದ ಪುಟದಲ್ಲಿ ಇಂದಿಗೂ ಹಳೆಯ ಹೆಸರೇ ಇದೆ. ಅದೇನು ದೊಡ್ಡ ಲೋಪವಲ್ಲ. ಮಂಡಳಿಯ ಹಣ ವರ್ಷವಿಡೀ ಕೂತು ಮಾರ್ಚಿನಲ್ಲಿ ಓಡುವುದು, ಸಮುದಾಯ ಭವನಗಳಿಗೆ ಸಿಕ್ಕಷ್ಟು ಶಾಲೆಯ ಕೊಠಡಿಗೆ ಸಿಗದಿರುವುದು, ಶಿಕ್ಷಕರ, ವೈದ್ಯರ ಹುದ್ದೆ ಖಾಲಿ ಉಳಿಯುವುದು, ಇವು ಲೋಪ. ಸಮುದಾಯ ಭವನ ಕೇಳಿ ಅರ್ಜಿ ಹಿಡಿದು ಹೋಗುವವರಲ್ಲಿ ನಮ್ಮ ಮಠಗಳೇ ಮುಂದು ಎಂಬುದನ್ನೂ ಬರೆಯದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ.

ಅಧಿಕಾರ ಹತ್ತಿರ ಬರಬೇಕೆಂಬುದೇ ಪ್ರತ್ಯೇಕ ರಾಜ್ಯದ ತಿರುಳಾದರೆ, ಅದಕ್ಕಿಂತ ಹತ್ತಿರದ ಅಧಿಕಾರ ಜಿಲ್ಲಾ ಪಂಚಾಯಿತಿಯದು. ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆಯಿಂದ ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ನಡೆಸಬೇಕೆಂದು ಸಂವಿಧಾನ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಎಂದು ವರ್ಷಗಟ್ಟಲೆ ತಳ್ಳಿದರು. ಅಧಿಕಾರಿಗಳೇ ಆಡಳಿತ ನಡೆಸಿದರು. ಮೂರು ಪಕ್ಷಗಳ ಶಾಸಕರಿಗೂ ಇದರಲ್ಲಿ ಬೇಸರವಿರಲಿಲ್ಲ, ಪ್ರತ್ಯೇಕ ರಾಜ್ಯದ ಭಾಷಣಕಾರರಿಗೂ. ಬೇರೆ ರಾಜ್ಯ ಕೇಳಿ ಧರಣಿ ಕುಳಿತವರನ್ನು ಕಂಡಿದ್ದೇನೆ. ಜಿಲ್ಲಾ ಪಂಚಾಯಿತಿ ಚುನಾವಣೆ ಕೇಳಿ ಮಠಾಧೀಶರೊಬ್ಬರು ಧರಣಿ ಕುಳಿತದ್ದನ್ನು ನಾನಂತೂ ಕಂಡಿಲ್ಲ.

2012ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ವರ್ಷಕ್ಕೆ ಹತ್ತು-ಹನ್ನೆರಡು ದಿನ ದೀಪ ಹಚ್ಚಿಕೊಳ್ಳುತ್ತದೆ. ಈ ವರ್ಷದ ಅಧಿವೇಶನಕ್ಕೆ ಮುನ್ನ ನಮ್ಮ ಮಠಗಳಲ್ಲಿ ನಿರ್ಣಯ ಮಾಡುವವರಿದ್ದರೆ, ಪ್ರತ್ಯೇಕ ರಾಜ್ಯ ಬೇಕು, ಬೇಡ ಎಂ�ಬ ಎರಡನ್ನೂ ಸದ್ಯ ಬದಿಗಿಡಿ ಎಂಬುದು ನನ್ನ ವಿನಂತಿ. 371(ಜೆ) ವಿಧಿಯಲ್ಲೇ ಒಂದು ಸಾಲಿದೆ: ಅಭಿವೃದ್ಧಿ ಮಂಡಳಿ ಹೇಗೆ ಕೆಲಸ ಮಾಡಿತೆಂಬ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು. ನಿಮ್ಮ ಕ್ಷೇತ್ರದ ಶಾಸಕರು ಜಾತ್ರೆಗೆ, ಪುಣ್ಯಸ್ಮರಣೆಗೆ ಮಠಕ್ಕೆ ಬರುತ್ತಾರಲ್ಲ, ಶಾಲು ಹೊದಿಸುವ ಮೊದಲು ಅವರನ್ನು ಕೇಳಿ: ಕಳೆದ ವರ್ಷದ ವರದಿಯನ್ನು ಯಾವ ದಿನ ಸದನದಲ್ಲಿ ಇಟ್ಟರು, ಅದರ ಮೇಲೆ ನೀವು ಎಷ್ಟು ಹೊತ್ತು ಮಾತಾಡಿದಿರಿ, ನಮ್ಮ ತಾಲ್ಲೂಕಿನ ಹೆಸರು ಅದರ ಯಾವ ಪುಟದಲ್ಲಿದೆ?